ಎಲ್‌ಕೆಜಿ ನೋಟ್‌ಬುಕ್ ಯಾಕೆ ಖಾಲಿ ಇರತ್ತೆ? ಜೂನ್‌ನಿಂದ ಮಾರ್ಚ್‌ವರೆಗೆ ಒಂದು ಕೆಜಿ ಕ್ಲಾಸಿನೊಳಗೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಕ್ಯಾಬಲ್ಲಿ ಕೂತು ಓದ್ತೀವಿ ಅಂತ ಕೇಳೋರು ತುಂಬಾ ಜನ ಇದ್ದೀರಿ. ನಿಮಗೋಸ್ಕರ ಇದು ಬರಹ ರೂಪ.

ಇವತ್ತಿನ ಮಾತು ಮೂರರಿಂದ ಆರು ವರ್ಷದ ಮಕ್ಕಳಿರೋ ಅಪ್ಪ-ಅಮ್ಮಂದಿರಿಗೆ. ನಾನು ದಾವಣಗೆರೆ ಕಡೆಯವಳು, ಪುಣೆಯಲ್ಲಿ 14 ವರ್ಷದಿಂದ ಕೆಜಿ ಟೀಚರ್. ಪ್ರತಿ ವರ್ಷ ಮೊದಲನೇ ಪೇರೆಂಟ್ಸ್ ಮೀಟಿಂಗ್‌ನಲ್ಲಿ ನನಗೆ ಬರೋ ಪ್ರಶ್ನೆ ಒಂದೇ. "ಟೀಚರ್, ಇಷ್ಟು ಫೀಸ್ ಕಟ್ಟಿದ್ದೀವಿ, ನೋಟ್‌ಬುಕ್ ತೆಗೆದು ನೋಡಿದ್ರೆ ಖಾಲಿ. ಇಡೀ ದಿನ ಆಡಿಸ್ತಾನೇ ಇರ್ತೀರಾ?" ಕೇಳೋರು ಸಾಮಾನ್ಯವಾಗಿ ಸಾಫ್ಟ್‌ವೇರ್‌ನವರು. ಅವರ ಕೆಲಸದಲ್ಲಿ ಪ್ರತಿ ಎರಡು ವಾರಕ್ಕೆ ಏನಾದ್ರೂ ಒಂದು ಡೆಲಿವರಿ ಕಾಣಬೇಕು. ಇಲ್ಲಿ ಏನೂ ಕಾಣಲ್ಲ. ಜೊತೆಗೆ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ತಮ್ಮ ಮಗು 100ರ ತನಕ ಬರೆದ ಫೋಟೋ ಹಾಕಿರ್ತಾರೆ. ಗಾಬರಿ ಆಗೋದು ಸಹಜ.

ಅದಕ್ಕೇ ಇವತ್ತು ಒಂದು ವರ್ಷ ಪೂರ್ತಿ ಕ್ಲಾಸಿನೊಳಗೆ ಏನು ನಡೆಯುತ್ತೆ, ಯಾವ ಆಟ ಯಾವ ಕಲಿಕೆಗೆ ತಳಪಾಯ ಅಂತ ತಿಂಗಳ ಲೆಕ್ಕದಲ್ಲಿ ಹೇಳ್ತೀನಿ. ನಮ್ಮಲ್ಲಿ ವರ್ಷ ಶುರುವಾಗೋದು ಜೂನ್ ಮಧ್ಯದಲ್ಲಿ. ದೆಹಲಿಯಲ್ಲಿ ಏಪ್ರಿಲ್‌ಗೇ ಶುರು. ತಿಂಗಳು ಹಿಂದೆ ಮುಂದೆ ಆಗಬಹುದು, ಕ್ರಮ ಹೆಚ್ಚುಕಮ್ಮಿ ಇದೇ.

ಜೂನ್: ಅಳು, ಹಿಟ್ಟು, ಹತ್ತು ಕನ್ನಡ ಪದ

ಮೊದಲ ಮೂರು ವಾರ ನಮ್ಮ ಸಿಲಬಸ್ ಒಂದೇ: ಅಮ್ಮ ಹೋದ್ರೂ ವಾಪಸ್ ಬರ್ತಾಳೆ ಅನ್ನೋ ನಂಬಿಕೆ. ಅದು ಬರೋ ತನಕ ಬೇರೆ ಏನೂ ತಲೆಗೆ ಹೋಗಲ್ಲ. ಅದಕ್ಕೆ ದಿನವೂ ಅದೇ ಕ್ರಮ: ಬಂದ ಕೂಡಲೇ ಚಪ್ಪಲಿ ಸಾಲಾಗಿಡೋದು, ತನ್ನ ಹೆಸರಿನ ಚೀಟಿ ಹುಡುಕಿ ಬೋರ್ಡಿಗೆ ಹಾಕೋದು, ಸುತ್ತ ಕೂತು ಹಾಡು, ಆಮೇಲೆ ಆಟ, ತಿಂಡಿ, ಕಥೆ, ಮನೆ. ಮುಂದೆ ಏನು ಬರತ್ತೆ ಅಂತ ಗೊತ್ತಾದ ಮಗು ಅಳು ನಿಲ್ಲಿಸತ್ತೆ. ಹೆಸರಿನ ಚೀಟಿ ಹುಡುಕೋದರಲ್ಲೇ ಓದಿನ ಮೊದಲ ಪಾಠ ಇದೆ: ಈ ಗೀರುಗಳಿಗೂ ನನಗೂ ಏನೋ ಸಂಬಂಧ ಇದೆ ಅಂತ ಅದಕ್ಕೆ ತಿಳಿಯೋದು ಅಲ್ಲೇ.

ಈ ತಿಂಗಳು ಚಪಾತಿ ಹಿಟ್ಟು, ಮರಳು, ನೀರು ಜಾಸ್ತಿ ಕೊಡ್ತೀವಿ. ನಾದೋದು, ಸುರಿಯೋದು ಮನಸ್ಸನ್ನ ತಣ್ಣಗೆ ಮಾಡತ್ತೆ.

ಕನ್ನಡದ ಮನೆಗಳಿಗೆ ಇಲ್ಲಿ ಒಂದು ವಿಶೇಷ ಮಾತು. ನಿಮ್ಮ ಮಗು ಮನೇಲಿ ಕನ್ನಡ, ಲಿಫ್ಟಲ್ಲಿ ಹಿಂದಿ, ಕೆಲಸದವರ ಜೊತೆ ಮರಾಠಿ, ಸ್ಕೂಲಲ್ಲಿ ಇಂಗ್ಲಿಷ್ ಕೇಳ್ತಾ ಇರತ್ತೆ. ನಮ್ಮಲ್ಲಿ ಮಕ್ಕಳು ಟೀಚರಮ್ಮನನ್ನ "ತಾಯಿ" ಅಂತಾರೆ, ಮರಾಠಿಯಲ್ಲಿ ಅಂದ್ರೆ ಅಕ್ಕ. ಕನ್ನಡದ ಮಗು ಮೊದಲ ವಾರ ನನ್ನನ್ನ ಅನುಮಾನದಿಂದ ನೋಡತ್ತೆ, ತಾಯಿ ಮನೇಲಿದ್ದಾಳಲ್ಲ ಅಂತ! ಕ್ಲಾಸಿನಲ್ಲಿ ಎಲ್ಲ ಟೀಚರಿಗೂ ಕನ್ನಡ ಬರಲ್ಲ. ಅದಕ್ಕೆ ನಾನು ಕನ್ನಡದ ಅಪ್ಪ-ಅಮ್ಮಂದಿರಿಗೆ ಹೇಳೋದು: ನೀರು, ಹಸಿವು, ಸಾಕು, ಬೇಡ, ನೋವು, ಸುಸ್ಸು, ಕಕ್ಕ, ನಿದ್ದೆ, ಭಯ, ಅಮ್ಮ ಬರ್ತಾಳೆ, ಇಷ್ಟನ್ನ ಒಂದು ಚೀಟಿಯಲ್ಲಿ ಅರ್ಥದ ಸಮೇತ ಬರೆದು ಟೀಚರ್ ಕೈಗೆ ಕೊಡಿ. ಬೇರೆ ಭಾಷೆಯ ಟೀಚರ್ ಬಾಯಲ್ಲಿ "ಅಮ್ಮ ಬರ್ತಾಳೆ" ಅಂತ ಕೇಳಿದ ಮಗುವಿನ ಮುಖ ನೀವು ನೋಡಬೇಕು.

ಜುಲೈ: ಮಳೆ, ಪಾಲ್ಕಿ, ಚೊಂಬು-ಲೋಟ

ಆಷಾಢಿ ಏಕಾದಶಿಗೆ ಮೊದಲು ಆಳಂದಿಯಿಂದ ಜ್ಞಾನೇಶ್ವರರ ಪಾಲ್ಕಿ, ದೇಹೂವಿನಿಂದ ತುಕಾರಾಮರ ಪಾಲ್ಕಿ ಪುಣೆ ಮೇಲಿಂದಲೇ ಪಂಢರಪುರಕ್ಕೆ ಹೋಗತ್ತೆ. ಕ್ಲಾಸಿನಲ್ಲೂ ರಟ್ಟಿನ ಪಾಲ್ಕಿ ಮಾಡಿ, ತಾಳ ಹಿಡಿದು ಕಾರಿಡಾರಲ್ಲಿ ಮೆರವಣಿಗೆ. ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕೋದು, ಮುಂದಿನವರನ್ನ ತಳ್ಳದೆ ನಡೆಯೋದು, ಟೀಚರ್ ನಿಲ್ಲಿಸಿದಾಗ ನಿಲ್ಲೋದು, ನಾಲ್ಕು ವರ್ಷದ ಮಗುವಿಗೆ ಇದು ಕಷ್ಟದ ಕೆಲಸ. ತನ್ನನ್ನ ತಾನೇ ತಡೆದುಕೊಳ್ಳೋ ಶಕ್ತಿ ಹೀಗೆ ಬೆಳೆಯುತ್ತೆ.

ಮಳೆ ನೀರು ಹಿಡಿದಿಟ್ಟು ಚೊಂಬಿನಿಂದ ಲೋಟಕ್ಕೆ, ಲೋಟದಿಂದ ಬಾಟ್ಲಿಗೆ ಸುರಿಸ್ತೀವಿ. ಯಾವುದು ಮುಳುಗತ್ತೆ, ಯಾವುದು ತೇಲತ್ತೆ ನೋಡಿಸ್ತೀವಿ. ನೀವು ಮನೇಲಿ ಇವತ್ತೇ ಒಂದು ಪ್ರಯೋಗ ಮಾಡಿ. ಒಂದೇ ಥರದ ಎರಡು ಲೋಟಕ್ಕೆ ಸಮ ನೀರು ಹಾಕಿ, ಸಮ ಇದೆ ಅಂತ ಮಗುವೇ ಒಪ್ಪಲಿ. ಆಮೇಲೆ ಅದರ ಕಣ್ಣೆದುರೇ ಒಂದು ಲೋಟದ ನೀರನ್ನ ಉದ್ದನೆಯ ಸಪೂರ ಗ್ಲಾಸಿಗೆ ಸುರಿದು, ಈಗ ಯಾವುದರಲ್ಲಿ ಜಾಸ್ತಿ ಅಂತ ಕೇಳಿ. ನಾಲ್ಕು-ಐದು ವರ್ಷದ ಹೆಚ್ಚಿನ ಮಕ್ಕಳು ಉದ್ದನೆಯ ಗ್ಲಾಸನ್ನೇ ತೋರಿಸ್ತಾರೆ. ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ ಹೆಸರುವಾಸಿಯಾದದ್ದು ಇಂಥ ಪ್ರಯೋಗಗಳಿಂದ. ತಪ್ಪು ಅಂತ ಬೈದು, ವಿವರಿಸಿ ಇದನ್ನ ಕಲಿಸೋಕಾಗಲ್ಲ. ನೂರು ಸಲ ಸುರಿದು ಸುರಿದು, ಆರು-ಏಳು ವರ್ಷದ ಹೊತ್ತಿಗೆ ಮಗುವೇ ಕಂಡುಕೊಳ್ಳತ್ತೆ. ಮುಂದೆ ಲೀಟರು, ಮಿಲಿಲೀಟರು ಲೆಕ್ಕ ಬಂದಾಗ ಈ ಸುರಿದಾಟ ಆಡಿದ ಮಗುವಿಗೆ ಆ ಪದ ಅರ್ಥ ಆಗತ್ತೆ. ಆಡದ ಮಗು ಬಾಯಿಪಾಠ ಮಾಡತ್ತೆ.

ಆಗಸ್ಟ್-ಸೆಪ್ಟೆಂಬರ್: ಮಣ್ಣು ಮುಟ್ಟಿದ ಕೈಗೆ ಪೆನ್ಸಿಲ್ ಹಗುರ

ಒದ್ದೆ ಹತ್ತಿ ಮೇಲೆ ಮೆಂತ್ಯ, ಹೆಸರುಕಾಳು ಹಾಕಿ ದಿನಾ ನೋಡ್ತೀವಿ. ಎರಡು-ಮೂರು ದಿನಕ್ಕೆ ಮೊಳಕೆ. "ನಾಳೆ ಏನಾಗಬಹುದು?" ಅಂತ ಕೇಳಿ, ಹೇಳಿದ್ದನ್ನ ಚಿತ್ರದಲ್ಲಿ ಬರೆದಿಟ್ಟು, ಮಾರನೇ ದಿನ ಹೋಲಿಸ್ತೀವಿ. ಊಹೆ, ಪರೀಕ್ಷೆ, ದಾಖಲೆ, ಮೂರೂ ಆಯ್ತು.

ಗಣಪತಿ ಹಬ್ಬಕ್ಕೆ ಜೇಡಿಮಣ್ಣು ಬರತ್ತೆ. ಉಂಡೆ ಕಟ್ಟೋದು, ಎಳೆದು ಸೊಂಡಿಲು ಮಾಡೋದು, ಚಿವುಟಿ ಕಿವಿ ಅಂಟಿಸೋದು. ಬರವಣಿಗೆ ಇಲ್ಲಿಂದಲೇ ಶುರು. ನಮ್ಮ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಮಗು ಹುಟ್ಟಿದಾಗ ಅವು ಇನ್ನೂ ಮೆತ್ತಗಿರ್ತವೆ, ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗ್ತವೆ, ಕೊನೆಯದು ಗಟ್ಟಿಯಾಗೋಕೆ ಶುರುವಾಗೋದೇ ಎಂಟು ವರ್ಷ ದಾಟಿದ ಮೇಲೆ. ಬೆರಳಿನ ಸ್ನಾಯುಗಳ ಹಿಡಿತವೂ ನಿಧಾನವಾಗೇ ಬರೋದು. ನಾಲ್ಕು ವರ್ಷಕ್ಕೆ ನಾಲ್ಕು ಗೆರೆ ಪುಸ್ತಕದಲ್ಲಿ ಪುಟಗಟ್ಟಲೆ ಬರೆಸಿದ್ರೆ ಮಗು ಇಡೀ ಮುಷ್ಟಿಯಲ್ಲಿ ಪೆನ್ಸಿಲ್ ಒತ್ತಿ ಹಿಡಿಯೋದು ಕಲಿಯತ್ತೆ. ಆಮೇಲೆ ಅದನ್ನ ಬಿಡಿಸೋದು ಬಹಳ ಕಷ್ಟ.

ಅದಕ್ಕೇ ನಾವು ಬಟ್ಟೆ ಕ್ಲಿಪ್ ಒತ್ತಿಸ್ತೀವಿ, ಮಣಿ ಪೋಣಿಸ್ತೀವಿ, ಕತ್ತರಿಯಲ್ಲಿ ಹಳೇ ಪೇಪರ್ ಕತ್ತರಿಸ್ತೀವಿ. ಮನೇಲಿ ನೀವು ಬಟಾಣಿ ಸುಲಿಸಿ, ಅವರೆಕಾಳು ಹಿತುಕಿಸಿ, ಲಟ್ಟಣಿಗೆ ಕೊಟ್ಟು ವಕ್ರವಕ್ರ ಚಪಾತಿ ಲಟ್ಟಿಸಿ. ಅವರೆಕಾಳು ಹಿತುಕೋ ಮೂರು ಬೆರಳೇ ಪೆನ್ಸಿಲ್ ಹಿಡಿಯೋ ಮೂರು ಬೆರಳು.

ಅಕ್ಟೋಬರ್-ನವೆಂಬರ್: ಆಪ್ಟಾ, ಬನ್ನಿ, ಮಣ್ಣಿನ ಕೋಟೆ

ದಸರೆಗೆ ಮಹಾರಾಷ್ಟ್ರದಲ್ಲಿ ಆಪ್ಟಾ ಎಲೆ ಕೊಟ್ಟು ಚಿನ್ನ ಅಂತಾರೆ. ನಮ್ಮ ಕಡೆ ಬನ್ನಿ ಕೊಟ್ಟು ಬಂಗಾರದ ಹಾಗಿರೋಣ ಅಂತೀವಿ. ಒಂದು ವರ್ಷ ಕನ್ನಡದ ಹುಡುಗಿಯೊಬ್ಬಳು ಊರಿಂದ ಅಜ್ಜ ತಂದುಕೊಟ್ಟ ಬನ್ನಿಯನ್ನ ಡಬ್ಬಿಯಲ್ಲಿ ತಂದಳು. ಅವತ್ತಿನ ಪಾಠ ಅದೇ ಆಯ್ತು. ಆಪ್ಟಾ ಎಲೆ ಎರಡು ದಳ ಸೇರಿದ ಹಾಗಿರತ್ತೆ, ಮಡಚಿದ್ರೆ ಸರಿಯಾಗಿ ಅರ್ಧ. ಬನ್ನಿ ಎಲೆ ಚಿಕ್ಕಚಿಕ್ಕದು, ಸಾಲುಸಾಲು. ದೊಡ್ಡದು-ಚಿಕ್ಕದು, ನುಣುಪು-ಒರಟು, ಒಂಟಿ-ಗುಂಪು ಅಂತ ಮಕ್ಕಳೇ ವಿಂಗಡಿಸಿದರು. ವಿಂಗಡಣೆ ಅನ್ನೋದು ಗಣಿತಕ್ಕೂ ವಿಜ್ಞಾನಕ್ಕೂ ಮೂಲ. ಜೂನಿಂದ ಬಾಯಿ ಬಿಡದೆ ಕೂತಿದ್ದ ಆ ಹುಡುಗಿ ಅವತ್ತು ಎದ್ದು ನಿಂತು, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಇಡೀ ಕ್ಲಾಸಿಗೆ ಬನ್ನಿ ಕಥೆ ಹೇಳಿದಳು. ಮನೆಯ ಭಾಷೆಗೆ ಕ್ಲಾಸಿನಲ್ಲಿ ಒಂದು ಜಾಗ ಸಿಕ್ಕಿತು, ಮಾತು ಹೊರಬಂತು.

ದೀಪಾವಳಿಗೆ ಇಲ್ಲಿ ಮಕ್ಕಳು ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟೋ ಸಂಪ್ರದಾಯ ಇದೆ, ಶಿವಾಜಿ ಮಹಾರಾಜರ ಕೋಟೆಗಳ ನೆನಪಿಗೆ. ರಜೆ ಮುಗಿಸಿ ಬಂದ ಮೇಲೆ ಅದೇ ಕೋಟೆಯನ್ನ ಮರದ ಬ್ಲಾಕ್‌ಗಳಲ್ಲಿ ಕಟ್ಟಿಸ್ತೀವಿ. ಎತ್ತರ, ಅಗಲ, ಸಮತೋಲ, ಮೇಲೆ-ಕೆಳಗೆ, ಒಳಗೆ-ಹೊರಗೆ, ಎಲ್ಲ ಕೈಯಲ್ಲೇ ತಿಳಿಯತ್ತೆ. ಬಿದ್ದರೆ ಯಾಕೆ ಬಿತ್ತು ಅಂತ ಹುಡುಕ್ತಾರೆ. ನಿಮ್ಮ ಭಾಷೆಯಲ್ಲಿ ಅದು ಡಿಬಗ್ಗಿಂಗ್.

ಸ್ವಲ್ಪ ಇತಿಹಾಸ

ಇದು ಹೊಸ ಫ್ಯಾಷನ್ ಅಂತ ತಿಳ್ಕೊಬೇಡಿ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಅನ್ನೋ ಊರಲ್ಲಿ ಚಿಕ್ಕ ಮಕ್ಕಳ ಶಾಲೆ ಶುರು ಮಾಡಿದ. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟ, ಅಂದ್ರೆ ಮಕ್ಕಳ ತೋಟ. ಅವನು ಮಕ್ಕಳ ಕೈಗೆ ಕೊಟ್ಟದ್ದು ಉಲ್ಲನ್ ಚೆಂಡು, ಮರದ ಗೋಲ, ಘನ. ಹೆಸರಿನಲ್ಲೇ ಇರೋ "ಕೆಜಿ" ಅಂದ್ರೆ ಏನಂತ ಮರೆತು ನಾವು ಅಲ್ಲಿ ಪರೀಕ್ಷೆ ಇಟ್ಟುಬಿಟ್ಟಿದ್ದೀವಿ.

ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಗೆ ಬಂದು, ಅನುತಾಯಿ ವಾಘ್ ಜೊತೆ ಬಡ ಮತ್ತು ಆದಿವಾಸಿ ಮಕ್ಕಳಿಗೆ ಅಂಗಳದಲ್ಲೇ ಬಾಲವಾಡಿ ನಡೆಸಿದರು. ದುಬಾರಿ ಸಾಮಾನು ಇರಲಿಲ್ಲ. ಎಲೆ, ಬೀಜ, ಕಲ್ಲು, ಚಿಪ್ಪು ಸಾಕಾಯ್ತು. ಇಂಥ ಅಂಗಳದ ಶಾಲೆಯಿಂದಲೇ ಅಂಗನವಾಡಿ ಅನ್ನೋ ಮಾತು ಬೆಳೆದದ್ದು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರದ ಐಸಿಡಿಎಸ್ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ.

ಈಗ 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದ ತನಕ ಒಂದೇ ಘಟ್ಟ ಅಂತ ಹೇಳತ್ತೆ: ಮೂರು ವರ್ಷ ಶಿಶು ಶಿಕ್ಷಣ, ಜೊತೆಗೆ ಒಂದನೇ ಮತ್ತು ಎರಡನೇ ಕ್ಲಾಸು. ಅದರ ಪಠ್ಯಕ್ರಮದ ಚೌಕಟ್ಟು 2022ರ ಅಕ್ಟೋಬರಿನಲ್ಲಿ ಬಂತು. ಆಟದ ಮೂಲಕ ಕಲಿಕೆ, ಸಾಧ್ಯವಾದಷ್ಟೂ ಮಗುವಿನ ಮನೆಮಾತಿನಲ್ಲಿ ಕಲಿಕೆ, ಈ ವಯಸ್ಸಿಗೆ ಪರೀಕ್ಷೆ ಸಲ್ಲದು, ಇವೇ ಅದರ ತಿರುಳು. ಅಂದ್ರೆ ನೋಟ್‌ಬುಕ್ ಖಾಲಿ ಇರೋದು ನಿಯಮಕ್ಕೆ ಹತ್ತಿರವೇ.

ಡಿಸೆಂಬರ್: ಅಂಗಡಿ ಆಟ

ಡಿಸೆಂಬರಿನಲ್ಲಿ ಕ್ಲಾಸಿನ ಮೂಲೆ ತರಕಾರಿ ಅಂಗಡಿ ಆಗತ್ತೆ. ತಕ್ಕಡಿ, ಕಾಗದದ ನೋಟು, ನಿಜವಾದ ಆಲೂಗಡ್ಡೆ, ಶೇಂಗಾ. ಅಂಗಡಿಯವನಾದ ಮಗು ಎದುರಿಗಿರೋ ಶೇಂಗಾ ತಿನ್ನೋ ಹಾಗಿಲ್ಲ, ಅದು ಮಾರೋ ಸಾಮಾನು. ಸಾಮಾನ್ಯ ದಿನ ಒಂದು ನಿಮಿಷ ತಡೆಯಲಾರದ ಮಗು ಆಟದಲ್ಲಿ ಅರ್ಧ ಗಂಟೆ ತಡೆಯುತ್ತೆ. ರಷ್ಯಾದ ಮನಃಶಾಸ್ತ್ರಜ್ಞ ವೈಗಾಟ್‌ಸ್ಕಿ ಆಟದ ಬಗ್ಗೆ ಹೇಳಿದ ಮುಖ್ಯ ವಿಷಯ ಇದೇ: ಆಟದಲ್ಲಿ ಮಗು ತನ್ನ ಆಸೆಗಿಂತ ಪಾತ್ರದ ನಿಯಮಕ್ಕೆ ಬೆಲೆ ಕೊಡೋದನ್ನ ಕಲಿಯತ್ತೆ.

ಎಣಿಕೆಯೂ ಇಲ್ಲೇ ಗಟ್ಟಿಯಾಗತ್ತೆ. 100ರ ತನಕ ಹೇಳೋ ಮಗುವಿಗೆ "ಏಳು ಶೇಂಗಾ ಕೊಡು" ಅನ್ನಿ. ಎಷ್ಟೋ ಮಕ್ಕಳು ಮುಷ್ಟಿ ತುಂಬ ಕೊಡ್ತಾರೆ. ಬಾಯಲ್ಲಿ ಅಂಕಿ ಹೇಳೋದು ಹಾಡು ಹೇಳಿದ ಹಾಗೆ. ಒಂದು ಅಂಕಿಗೆ ಒಂದೇ ವಸ್ತು, ಕೊನೆಯ ಅಂಕಿಯೇ ಒಟ್ಟು ಮೊತ್ತ ಅನ್ನೋದು ಬೇರೆಯೇ ತಿಳಿವಳಿಕೆ. ಇದಕ್ಕೆ ನಮ್ಮ ಅಜ್ಜಿಯಂದಿರ ಅಳಗುಳಿ ಮಣೆಗಿಂತ ಒಳ್ಳೆ ಸಾಧನ ನಾನು ಕಂಡಿಲ್ಲ. 14 ಗುಳಿ, ಕೈಯಲ್ಲಿ ಹುಣಸೆಬೀಜ, ಗುಳಿಗೆ ಒಂದೊಂದು ಹಾಕ್ತಾ ಹೋಗೋದು. ಚೌಕಾಬಾರವೂ ಹಾಗೇ, ಕವಡೆ ಬಿದ್ದಷ್ಟು ಮನೆ ನಡೆಸಬೇಕು. ಈ ಸಲ ಊರಿಗೆ ಹೋದಾಗ ಅಟ್ಟದ ಮೇಲಿರೋ ಮಣೆ ಕೇಳಿ ತನ್ನಿ.

ಜನವರಿ-ಫೆಬ್ರವರಿ: ಎಳ್ಳು-ಬೆಲ್ಲ ಮತ್ತು ಅಕ್ಷರ

ಸಂಕ್ರಾಂತಿಗೆ ಇಲ್ಲಿ ತಿಳಗೂಳ, ನಮ್ಮಲ್ಲಿ ಎಳ್ಳು-ಬೆಲ್ಲ. ಎಳ್ಳು, ಬೆಲ್ಲ, ಕೊಬ್ಬರಿ, ಶೇಂಗಾ, ಹುರಿಗಡಲೆ ಐದು ಬಟ್ಟಲಲ್ಲಿಟ್ಟು ಪ್ರತಿಯೊಂದರಿಂದ ಎರಡೆರಡು ಚಮಚ ಹಾಕಿಸಿ ಕಲಸಿಸ್ತೀವಿ. ಅಳತೆಯೂ ಆಯ್ತು, ಹಂಚಿಕೊಳ್ಳೋದೂ ಆಯ್ತು.

ಈ ಹೊತ್ತಿಗೆ ಕಿವಿ ತಯಾರಾಗಿರತ್ತೆ, ಅಕ್ಷರದ ಕಡೆ ಹೋಗ್ತೀವಿ. ಮೊದಲು ಚಪ್ಪಾಳೆ. ಮ-ನೆ, ಎರಡು ಚಪ್ಪಾಳೆ. ಅ-ವ-ರೆ-ಕಾ-ಯಿ, ಐದು. ಕನ್ನಡದಲ್ಲಿ ಸಾಮಾನ್ಯವಾಗಿ ಒಂದು ಚಪ್ಪಾಳೆಗೆ ಒಂದು ಅಕ್ಷರ, ಅದೇ ಈ ಭಾಷೆಯ ಅನುಕೂಲ. ಆಮೇಲೆ ಪದದ ಸರಪಳಿ: ಮನೆ, ನೆಲ, ಲಟ್ಟಣಿಗೆ, ಗೆಳೆಯ. ಕಾರಲ್ಲಿ ಟ್ರಾಫಿಕ್ ಮಧ್ಯೆ ಆಡಬಹುದು, ಖರ್ಚಿಲ್ಲ.

ಬರೆಯೋ ವಿಷಯದಲ್ಲಿ ಮಾತ್ರ ತಾಳ್ಮೆ ಬೇಕು. ವರ್ಣಮಾಲೆ 49 ಅಂದ್ರೂ ಕಾಗುಣಿತ ಸೇರಿದ್ರೆ 400 ದಾಟುತ್ತೆ, ಒತ್ತಕ್ಷರ ಬೇರೆ. ಕನ್ನಡ ಓದು ಕಲಿಯೋ ಮಕ್ಕಳ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರೋಕೆ ಪ್ರಾಥಮಿಕ ಶಾಲೆಯ ಹಲವು ವರ್ಷ ಹಿಡಿಯತ್ತೆ ಅಂತ ಕಂಡುಬಂತು. ಕರ್ನಾಟಕದಲ್ಲೇ ಓದೋ ಮಕ್ಕಳಿಗೆ ಹೀಗಾದ್ರೆ ಪುಣೆಯ ನಮ್ಮ ಮಕ್ಕಳಿಗೆ ಆತುರ ಯಾಕೆ? ಮಾತು ಇರಲಿ, ಕಥೆ ಇರಲಿ. ಲಿಪಿ ಆಮೇಲೂ ಬರತ್ತೆ.

ಮನೇಲಿ ಇಂಗ್ಲಿಷ್ ಮಾತಾಡಬೇಕಾ?

ಕೆಲವು ಸ್ಕೂಲುಗಳಲ್ಲಿ "ಮನೇಲೂ ಇಂಗ್ಲಿಷ್ ಮಾತಾಡಿ" ಅಂತ ಹೇಳ್ತಾರೆ. ಅಪ್ಪ-ಅಮ್ಮ ಹೆದರಿ ಅವತ್ತಿಂದ "ಕಮ್ ಹಿಯರ್, ಸಿಟ್ ಡೌನ್, ಈಟ್ ಫಾಸ್ಟ್" ಶುರು ಮಾಡ್ತಾರೆ. ಗಮನಿಸಿ, ಅದರಲ್ಲಿರೋದೆಲ್ಲ ಅಪ್ಪಣೆ. ಕಥೆ ಇಲ್ಲ, ತಮಾಷೆ ಇಲ್ಲ, "ಯಾಕೆ ಗೊತ್ತಾ?" ಇಲ್ಲ. ಊರಿನ ಅಜ್ಜಿ ವಿಡಿಯೋ ಕಾಲ್‌ನಲ್ಲಿ ಏನೋ ಕೇಳಿದ್ರೆ ಮಗು ಅಮ್ಮನ ಮುಖ ನೋಡತ್ತೆ. ಈ ನಷ್ಟ ಯಾವ ರಿಪೋರ್ಟ್ ಕಾರ್ಡಲ್ಲೂ ಬರಲ್ಲ.

ನಾನು ಹೇಳೋದು ಇಷ್ಟು. ನಿಮಗೆ ಚೆನ್ನಾಗಿ ಬರೋ ಭಾಷೆಯಲ್ಲಿ ಮಗುವಿನ ಜೊತೆ ಉದ್ದುದ್ದ ಮಾತಾಡಿ. ಕನ್ನಡದಲ್ಲಿ ಕಥೆಯ ಹಿಂದು ಮುಂದು ಹಿಡಿದು ಹೇಳೋಕೆ ಬಂದ ಮಗು ಅದೇ ಬುದ್ಧಿಯನ್ನ ಇಂಗ್ಲಿಷಿಗೂ ಒಯ್ಯತ್ತೆ. ಸ್ಕೂಲಲ್ಲಿ ಮೊದಲ ಕೆಲವು ತಿಂಗಳು ಸುಮ್ಮನಿದ್ರೆ ಗಾಬರಿ ಬೇಡ, ಹೊಸ ಭಾಷೆ ಕಿವಿಗೆ ಇಳೀತಾ ಇರತ್ತೆ. ಆದ್ರೆ ಮನೇಲಿ ಕನ್ನಡದಲ್ಲೂ ಮಾತಿಲ್ಲ, ಕರೆದ್ರೆ ತಿರುಗಿ ನೋಡಲ್ಲ, ಮೂರು ವರ್ಷ ದಾಟಿದ್ರೂ ವಾಕ್ಯ ಕೂಡಿಸಲ್ಲ ಅಂದ್ರೆ ಕಾಯಬೇಡಿ. ಮಕ್ಕಳ ಡಾಕ್ಟರ್ ಹತ್ರ ಹೋಗಿ ಕಿವಿ ಪರೀಕ್ಷೆ ಮಾಡಿಸಿ.

ಮಾರ್ಚ್: ಮಾರ್ಕ್ಸ್ ಬದಲು ಫೈಲು

ವರ್ಷದ ಕೊನೆಗೆ ನಾವು ಕೊಡೋದು ಒಂದು ಫೈಲು. ಜೂನಿನಲ್ಲಿ ಬರೆದ ಮನುಷ್ಯನ ಚಿತ್ರ: ಒಂದು ದುಂಡು ತಲೆ, ಅದರಿಂದಲೇ ಎರಡು ಕಾಲು. ಮಾರ್ಚಿನಲ್ಲಿ ಬರೆದದ್ದು: ಕುತ್ತಿಗೆ, ಹೊಟ್ಟೆ, ಬೆರಳು, ಅಪ್ಪನ ಕನ್ನಡಕ. ಪಕ್ಕದಲ್ಲಿ ಟೀಚರ್ ಬರೆದ ಟಿಪ್ಪಣಿ: ಯಾವಾಗ ಮೊದಲ ಸಲ ಆಟಿಕೆ ಬಿಟ್ಟುಕೊಟ್ಟಳು, ಯಾವಾಗ ಪ್ರಶ್ನೆ ಕೇಳಿದಳು. ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡಿದ್ರೆ ವರ್ಷದ ಲೆಕ್ಕ ಸಿಗತ್ತೆ.

ಅಡ್ಮಿಷನ್‌ಗೆ ಹೋಗೋರು ಎಸಿ, ಸ್ಮಾರ್ಟ್ ಬೋರ್ಡ್ ಬಿಟ್ಟು ಈ ಐದು ಕೇಳಿ:

1. ಒಬ್ಬ ಟೀಚರಿಗೆ ಎಷ್ಟು ಮಕ್ಕಳು? ಆಯಾ ಇದ್ದಾರಾ?
2. ದಿನದಲ್ಲಿ ಎಷ್ಟು ಹೊತ್ತು ಹೊರಗೆ ಆಡಿಸ್ತೀರಿ?
3. ಬ್ಲಾಕ್, ಮಣ್ಣು, ನೀರು ಮಕ್ಕಳ ಕೈಗೆ ಸಿಗೋ ಎತ್ತರದಲ್ಲಿವೆಯಾ, ಗಾಜಿನ ಬೀರುವಿನಲ್ಲಿವೆಯಾ?
4. ಮಗು ಅತ್ತರೆ ಏನು ಮಾಡ್ತೀರಿ?
5. ಮನೆಮಾತಿನಲ್ಲಿ ಮಾತಾಡಿದ್ರೆ ಏನು ಹೇಳ್ತೀರಿ?

ಕೊನೆಯ ಎರಡಕ್ಕೆ ಬರೋ ಉತ್ತರದಲ್ಲೇ ಶಾಲೆ ಎಂಥದ್ದು ಅಂತ ಬಹುಪಾಲು ತಿಳಿಯತ್ತೆ. ಆಡಿಸೋದು ಅಂದ್ರೆ ಬಿಟ್ಟು ಕೂರೋದು ಅಂತಲ್ಲ. ಒಳ್ಳೆ ಟೀಚರ್ ಪ್ರತಿ ಆಟದ ಹಿಂದೆ ಏನನ್ನ ಗಮನಿಸ್ತಿದ್ದೇನೆ ಅಂತ ಹೇಳಬಲ್ಲಳು. ಹಾಗೆ ಹೇಳೋಕೆ ಬರದಿದ್ರೆ ನೀವು ಕೇಳೋದು ನ್ಯಾಯವೇ.

ಇವತ್ತು ಸಂಜೆ ಲಾಗ್ಔಟ್ ಮಾಡಿದ ಮೇಲೆ ಮಗುವನ್ನ "ಇವತ್ತು ಏನು ಬರೆದೆ?" ಅಂತ ಕೇಳಬೇಡಿ. "ಯಾರ ಜೊತೆ ಆಡಿದೆ? ಯಾಕೆ ನಗು ಬಂತು?" ಅಂತ ಕನ್ನಡದಲ್ಲೇ ಕೇಳಿ. ಉತ್ತರ ಮುಗಿಯೋ ತನಕ ಫೋನು ಕೆಳಗಿಡಿ.